ಗಾಜಿನ ಗೂಡಿನ ನಗು

ಊಟದ ಬಿಡುವಿನಲ್ಲಿ ಎಲ್ಲರೂ ನೆರಳು ಹುಡುಕಿಕೊಂಡು ಹೊರಗೆ ಹೋದಮೇಲೆ ವರ್ನಾ ಮೈಕಿನ ಕೆಳಗೆ ಬಂದು ನಿಂತಳು. ಸೆಟ್ಟಿನ ಮೂಲೆಯ ಗಾಜಿನ ಗೂಡಿನೊಳಗೆ ಧ್ವನಿ ಹಿಡಿಯುವ ಎಮೆಟ್ ಹೆಡ್‌ಫೋನ್ ತೆಗೆಯದೆಯೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಮೀಸೆಗೆ ಸಾಸಿವೆ ಸಾಸ್ ಹತ್ತಿದೆ," ಎಂದು ಪಿಸುಗುಟ್ಟಿದಳು.

ಅವನು ಒರೆಸಿಕೊಂಡ.

"ಆ ಕಡೆ ಅಲ್ಲ, ಪೆದ್ದ."

ಎಮೆಟ್ ಕಣ್ಣು ಮುಚ್ಚಿ, ತುಟಿಯ ಎಡತುದಿಯಲ್ಲಿ ಮಾತ್ರ ನಕ್ಕ. ಆ ನಗುವಿಗಾಗಿ ಅವಳು ಬೇಸಿಗೆಯಿಡೀ ಊಟ ಬಿಟ್ಟಿದ್ದಳು.

ಮಾತಾಡುವ ಸಿನಿಮಾ ಬಂದಮೇಲೆ ಸ್ಟುಡಿಯೋದಲ್ಲಿ ಮಾತಾಡುವುದೇ ಕಷ್ಟವಾಗಿತ್ತು. ಕ್ಯಾಮೆರಾ ತಿರುಗಿತೆಂದರೆ ಬಾಗಿಲು ಬಂದ್, ಫ್ಯಾನ್ ಬಂದ್, ಕೆಮ್ಮು ಸಹ ಬಂದ್. ನಟಿಸುವ ಮಕ್ಕಳಿಗೆ ನಡುನಡುವೆ ಲೆಕ್ಕ, ಕಾಗುಣಿತ ಹೇಳಿಕೊಡುವ ಟೀಚರು ವರ್ನಾ. ಎಮೆಟ್ ಎದುರಿಗೆ ನಿಂತರೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಮೈಕಿಗಾದರೆ ಏನನ್ನೂ ಹೇಳಬಹುದಿತ್ತು.

"ಭಾನುವಾರ ನಿಮ್ಮನೆಗೆ ಬಂದಾಗ ನಿಮ್ಮಮ್ಮನಿಗೆ ನನ್ನನ್ನ ಯಾರು ಅಂತ ಹೇಳ್ತೀಯ?"

ಅವನು ಗೂಡಿನಿಂದ ಹೊರಗೇ ಬಂದುಬಿಟ್ಟ. "ಮದುವೆ ಆಗೋಳು ಅಂತ. ಸರಿನಾ?"

ಖುಷಿಗೆ ಅವಳಿಗೆ ನಿಂತ ನೆಲ ಸಾಲದಾಯಿತು.

"ಆದ್ರೆ ಮೊದ್ಲು ನನ್ನ ಕೆಲಸ ಉಳೀಬೇಕಲ್ಲ," ಎಂದ. "ಓಪಲ್ ಅಳ್ತಿಲ್ಲ."

ಅಂದಿನ ದೃಶ್ಯದಲ್ಲಿ ಆರು ವರ್ಷದ ಓಪಲ್‌ಳ ಟೋಪಿಯನ್ನು ಮೇಕೆ ತಿನ್ನಬೇಕು, ಅವಳು ಬೀದಿ ಎದ್ದು ಕೂರುವಂತೆ ಅಳಬೇಕು, ಜನ ನಗಬೇಕು. ಬೆಳಗಿನಿಂದ ಅವಳು ಮೇಕೆಯನ್ನು ನೋಡಿ ಕಿಲಕಿಲ ನಗುತ್ತಿದ್ದಳು. ಈರುಳ್ಳಿ ಹಿಂಡಿದ್ದೂ ಆಗಿತ್ತು. ಮೂಕಿ ಕಾಲದಲ್ಲಿ ಮುಖ ಕಿವುಚಿದರೆ ಸಾಕಿತ್ತು. ನಿರ್ದೇಶಕ ಹಾರ್ಗಿಸ್ ಮಾತ್ರ ತಪ್ಪನ್ನೆಲ್ಲ ಧ್ವನಿಯವನ ತಲೆಗೆ ಕಟ್ಟಿದ್ದ: "ಇದು ಅಳುವಾ? ತುಕ್ಕು ಹಿಡಿದ ಬಾಗಿಲು! ಸಂಜೆಯೊಳಗೆ ಆಗದಿದ್ರೆ ಬೇರೆಯವನನ್ನ ತರ್ತೀನಿ."

"ಅವಳಮ್ಮ ಬಿಟ್ಟು ಹೋದಳು ಅಂತ ಹೇಳು," ಎಂದ ಎಮೆಟ್. "ಅವಳಿಗೆ ಅದೊಂದೇ ಭಯ. ನೀನು ಹೇಳಿದ್ರೆ ನಂಬ್ತಾಳೆ."

"ಅವಳ ಭಯ ನಿನಗೆ ಹೇಗೆ ಗೊತ್ತು?"

"ನಿನ್ನ ಹತ್ರ ಹೇಳ್ಕೊಂಡಿದ್ದು ಈ ಮೈಕಿನ ಕೆಳಗೇ ತಾನೆ? ಕೇಳಿಸ್ತು."

ಆಗಲೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಭಾನುವಾರದ ಮುಂದೆ ಉಳಿದದ್ದೆಲ್ಲ ಅವಳಿಗೆ ಸಣ್ಣದಾಗಿ ಕಂಡಿತು.

ಊಟ ಮುಗಿಸಿ ಎಲ್ಲರೂ ಒಳಗೆ ಬಂದಮೇಲೆ ಬಾಗಿಲು ಮುಚ್ಚಿತು. ವರ್ನಾ ಓಪಲ್‌ಳ ಎದುರು ಮಂಡಿಯೂರಿದಳು. "ಪುಟ್ಟಿ, ನಿಮ್ಮಮ್ಮ ಗೇಟಿನ ಹತ್ರ ಇಲ್ಲ. ರೈಲು ಹತ್ತಿ ಹೋದ್ರಂತೆ. ನಿನ್ನನ್ನ ಇಲ್ಲೇ ಇಟ್ಕೊಳ್ಳಿ ಅಂದ್ರಂತೆ."

ಓಪಲ್ ಅವಳ ಮುಖವನ್ನೇ ನೋಡಿದಳು. "ನಾನು ಹಾಸಿಗೆ ಒದ್ದೆ ಮಾಡಿದ್ದಕ್ಕಾ, ಮಿಸ್?"

ವರ್ನಾ ಪಕ್ಕಕ್ಕೆ ಸರಿದಳು. ಅಳು ಬಂತು. ಮೇಕೆ ಟೋಪಿ ಬಿಟ್ಟು ಹಿಂದಕ್ಕೆ ಸರಿಯಿತು. ದೀಪ ಹಿಡಿದವರು ಸದ್ದಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ದೃಶ್ಯ ನಿಜಕ್ಕೂ ತಮಾಷೆಯಾಗಿತ್ತು.

ವರ್ನಾ ಗಾಜಿನ ಕಡೆ ತಿರುಗಿದಳು. ಎಮೆಟ್ ಕಣ್ಣು ಮುಚ್ಚಿದ್ದ. ತುಟಿಯ ಎಡತುದಿಯಲ್ಲಿ ನಗು. ಅದೇ ನಗು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಶಬ್ದ ಶುದ್ಧವಾಗಿ ಬಂದರೆ ಅವನು ಹಾಗೆ ನಗುತ್ತಿದ್ದ, ಅಷ್ಟೆ.

"ಕಟ್!" ಎಂದಿದ್ದೇ ತಡ, ವರ್ನಾ ಓಡಿಹೋಗಿ ಮಗುವನ್ನು ತಬ್ಬಿಕೊಂಡಳು. "ಸುಳ್ಳು ಕಣೇ. ಅಮ್ಮ ಗೇಟಲ್ಲೇ ಇದ್ದಾರೆ."

ಎಮೆಟ್ ಗೂಡಿನಿಂದ ತಲೆ ಹಾಕಿದ. "ಅದ್ಭುತ! ಆದ್ರೆ ಕೊನೇಲಿ ಮೇಕೆ ಗೊರಸಿನ ಸದ್ದು ಬಂತು. ಇನ್ನೊಂದ್ಸಲ. ವರ್ನಾ, ಅದನ್ನೇ ಮತ್ತೆ ಹೇಳು."

ಓಪಲ್ ಬಿಕ್ಕುತ್ತ ಟೀಚರನ್ನು ನೋಡಿದಳು, ಗಾಜಿನ ಗೂಡನ್ನು ನೋಡಿದಳು. ತಬ್ಬಿದ ಕೈ ಬಿಡಿಸಿಕೊಂಡು ತೋಳಿನಿಂದ ಮೂಗು ಒರೆಸಿಕೊಂಡಳು.

"ನೀವು ಹೇಳ್ಬೇಡಿ. ನಾನೇ ನೆನಸ್ಕೊಂಡು ಅಳ್ತೀನಿ."

ಹೋಗಿ ತನ್ನ ಜಾಗದಲ್ಲಿ ನಿಂತು, ಮೊದಲಿಗಿಂತ ಚೆನ್ನಾಗಿಯೇ ಅತ್ತಳು. ಹಾರ್ಗಿಸ್ ಅವಳಿಗೆ ಐಸ್‌ಕ್ರೀಂ ತರಿಸಿದ.

ಸಂಜೆ ಎಮೆಟ್ ತಂತಿ ಸುತ್ತುತ್ತ ಹೇಳಿದ, "ಭಾನುವಾರ ನೀಲಿ ಫ್ರಾಕ್ ಹಾಕ್ಕೊಂಡು ಬಾ. ಅಮ್ಮನಿಗೆ ನೀಲಿ ಅಂದ್ರೆ ಇಷ್ಟ."

"ಬರಲ್ಲ."

"ಏನಾಯ್ತೇ? ಆ ಮಗು ಐಸ್‌ಕ್ರೀಂ ತಿಂದು ಮರೆತೇ ಹೋಯ್ತು. ನಿಂದಿನ್ನೂ ಮುಗೀಲಿಲ್ವಾ?"

"ನಿನ್ನನ್ನ ಪ್ರೀತಿಸಿಲ್ಲ, ಎಮೆಟ್. ಸುಮ್ನೆ ಹೊತ್ತು ಹೋಗಲಿ ಅಂತ ಮೈಕಿಗೆ ಮಾತಾಡ್ತಿದ್ದೆ."

ತಂತಿ ಸುತ್ತುತ್ತಿದ್ದ ಕೈ ನಿಂತಿತು. 'ಸುಳ್ಳು ಹೇಳ್ತಿದೀಯ' ಎಂದು ಅವನು ಅನ್ನಲಿ, ಅಷ್ಟು ಅಂದರೆ ಸಾಕು ಎಂದು ವರ್ನಾ ಕಾದಳು. ಅವಳ ದನಿಯ ಏರಿಳಿತವನ್ನು ಅವನಷ್ಟು ಬಲ್ಲವರು ಬೇರೆ ಯಾರಿದ್ದರು?

ಅವನು ನಂಬಿಬಿಟ್ಟ.