ಉಸಿರು ಕಟ್ಟಿದ ಕಾರು

ಆಯುಧಪೂಜೆ ದಿನ ಮಧ್ಯಾಹ್ನ ಗವಿಪುರಂನ ಅಕ್ಕಯಮ್ಮನವರ ದೇವರಮನೆಯಲ್ಲಿ ಕಳಶಕ್ಕೆ ಹಾಕಿದ್ದ ಕಾಸಿನ ಸರ ಇರಲಿಲ್ಲ. ಅಕ್ಕಯಮ್ಮ ಗೇಟಿಗೆ ಬೀಗ ಜಡಿದರು. ಮನೆಯಲ್ಲಿದ್ದದ್ದು ಮೂರೇ ಜನ: ಅವರು, ಮಗ ಅನಿಲ್ ಕುಮಾರ್, ಅಡುಗೆಯ ಮುನಿಗಂಗಮ್ಮ. ಮಗನ ಜೇಬು ನೋಡಿದರು. ಮುನಿಗಂಗಮ್ಮನ ಸೆರಗು ಜಾಡಿಸಿದರು. ಸರ ಸಿಗಲಿಲ್ಲ. ರಾತ್ರಿಯಿಡೀ ಯಾರನ್ನೂ ಆಚೆ ಬಿಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಪೊಲೀಸರು ಬಂದು ಮುನಿಗಂಗಮ್ಮನನ್ನು ಕರೆದುಕೊಂಡು ಹೋದರು.

ಇಪ್ಪತ್ತೆರಡು ವರ್ಷ ಆ ಮನೆಗೆ ಬೇಯಿಸಿ ಹಾಕಿದವಳು. ಮಗಳು ಸಂಧ್ಯಾಳ ಮದುವೆ ಕಾರ್ಡು ಸುಲ್ತಾನ್‌ಪೇಟೆಯಲ್ಲಿ ಅಚ್ಚಾಗುತ್ತಿತ್ತು. ಅವತ್ತು ಸಂಜೆಯೇ ಗಂಡಿನ ಕಡೆಯವರು ಬರುವವರಿದ್ದರು. ತಾಯಿ ಸ್ಟೇಷನ್‌ನಲ್ಲಿದ್ದಾಳೆ ಅಂತ ಗೊತ್ತಾದರೆ ಮದುವೆ ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಶಿವಕುಮಾರಿ. ಆ ಬೀದಿ ಕೊನೆಯ ಗ್ಯಾರೇಜು ನನ್ನದು. ಹತ್ತು ಗಂಟೆಗೆ ಅಕ್ಕಯಮ್ಮನ ಫೋನ್ ಬಂತು. "ಸ್ಟೇಷನ್‌ಗೆ ಹೋಗಿ ಕಂಪ್ಲೇಂಟಿಗೆ ಸೈನ್ ಹಾಕ್ಬೇಕು ಕಣೇ. ಕಾರು ನಿಂತಲ್ಲೇ ನಡುಗ್ತಿದೆ. ಬಂದ್ಬಿಡು."

ಎಪ್ಪತ್ತಾದರೂ ಸ್ಟೇರಿಂಗ್ ಬಿಡದ ಹೆಂಗಸು.

* * *

ಶೆಡ್ಡಿನಲ್ಲಿ ಕಾರು ಚಳಿಜ್ವರ ಬಂದ ಹಾಗೆ ಗಡಗಡ ಅನ್ನುತ್ತಿತ್ತು. ಇಪ್ಪತ್ತೆಂಟು ವರ್ಷದ ಗಾಡಿ. ಸಬ್ ಇನ್‌ಸ್ಪೆಕ್ಟರ್ ಕಶ್ಯಪ್ ಕಾಂಪೌಂಡ್ ಗೋಡೆ ನೋಡುತ್ತಾ ನಿಂತಿದ್ದ. ಸರವನ್ನು ಮುನಿಗಂಗಮ್ಮ ಗೋಡೆಯಾಚೆ ಎಸೆದಿರಬೇಕು ಅಂತ ಅವನ ವಾದ.

"ಅದನ್ಯಾಕೆ ರಿಪೇರಿ ಮಾಡ್ತೀರಿ, ಶಿವಕ್ಕ?" ಅಂದ ಅನಿಲ್. "ಇವತ್ತೇ ಗುಜರಿಗೆ ಹಾಕ್ತೀನಿ. ಅಮ್ಮ, ಆಫ್ ಮಾಡಿ ಕೀ ಕೊಡಿ."

ಅಕ್ಕಯಮ್ಮ ಕೀ ಕೊಡಲಿಲ್ಲ.

"ನಿನ್ನೆ ಹೇಗಿತ್ತಮ್ಮ?" ಅಂತ ಕೇಳಿದೆ.

"ಪೂಜೆ ಆದ್ಮೇಲೆ ನಾನೇ ನಿಂಬೆಹಣ್ಣು ತುಳಿಸಿದೆ. ಚೆನ್ನಾಗಿತ್ತು. ಆಮೇಲೆ ಯಾರೂ ತೆಗೆದಿಲ್ಲ."

ನಿಂತ ಗಾಡಿ ತಾನಾಗಿ ಕೆಡುತ್ತಾ? ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡಿದೆ. ಯಾವುದನ್ನು ಕಿತ್ತರೂ ಇಂಜಿನ್ ಇನ್ನಷ್ಟು ಕುಗ್ಗಿತು. ಅಂದರೆ ನಾಲ್ಕೂ ಸಿಲಿಂಡರ್ ಕೆಲಸ ಮಾಡುತ್ತಿವೆ. ಕಾರ್ಬುರೇಟರ್ ಹೋದ ತಿಂಗಳು ನಾನೇ ಕ್ಲೀನ್ ಮಾಡಿದ್ದು. ಹಿಂದೆ ಕಪ್ಪು ಹೊಗೆ, ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ. ಪೆಟ್ರೋಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ.

ಏರ್ ಫಿಲ್ಟರ್ ಮುಚ್ಚಳ ನೋಡಿದೆ. ಮಧ್ಯದ ನಟ್ಟಿನ ಮೇಲೆ ಯಾವುದೋ ಉಪಕರಣದ ಹಲ್ಲು ಕಚ್ಚಿದ ಹೊಸ ಗಾಯ.

"ಇದಕ್ಕೆ ಕುಂಕುಮ ಇಟ್ಟಿದ್ರಾ, ಅಮ್ಮ?"

"ಇಡದೇ ಇರ್ತೀನಾ? ನಟ್ಟಿನ ಮೇಲೇ ಇಟ್ಟೆ."

ಈಗ ಅಲ್ಲಿ ಕುಂಕುಮ ಇರಲಿಲ್ಲ. ಮುಚ್ಚಳ ತೆಗೆದೆ. ಗಾಳಿ ಹೋಗುವ ಬಾಯಿಗೆ ಕಾರು ಒರೆಸುವ ಬಟ್ಟೆ ತುರುಕಿದ್ದರು. ಎಳೆದೆ. ಬಟ್ಟೆಯೊಳಗಿಂದ ಕಾಸಿನ ಸರ ಜಾರಿ ನನ್ನ ಅಂಗೈಗೆ ಬಿತ್ತು.

"ಅಯ್ಯೋ ದೇವರೇ!" ಅಕ್ಕಯಮ್ಮ ಸರ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

* * *

"ಅವಳೇ ಇಟ್ಟಿರೋದು," ಅಂದ ಕಶ್ಯಪ್. "ಅಡುಗೆಮನೆ ಇಕ್ಕಳದಲ್ಲಿ ನಟ್ ತಿರುಗಿಸಿದಾಳೆ. ಆಮೇಲೆ ತಗೊಂಡು ಹೋಗೋ ಪ್ಲ್ಯಾನು."

ಅನಿಲ್ ತಲೆ ಆಡಿಸಿದ. "ನಾನು ಮೊದಲೇ ಹೇಳಿದ್ದೆ, ಸಾರ್."

ನನಗೆ ಪಿತ್ತ ನೆತ್ತಿಗೇರಿತು. "ಸ್ವಲ್ಪ ಬನ್ನಿ ಸಾರ್, ದೇವರಮನೆಗೆ."

ಪೂಜೆಗಿಟ್ಟ ಸಾಮಾನನ್ನು ಮಾರನೇ ದಿನದ ಮರುಪೂಜೆ ಆಗುವವರೆಗೆ ಮುಟ್ಟುವಂತಿಲ್ಲ; ಈ ಗಲಾಟೆಯಲ್ಲಿ ಅದು ಆಗಿರಲಿಲ್ಲ. ಮನೆಯ ಸ್ಪ್ಯಾನರ್, ಸುತ್ತಿಗೆ, ಈಳಿಗೆಮಣೆ, ಇಕ್ಕಳ, ಎಲ್ಲ ನಿನ್ನೆ ಇಟ್ಟಲ್ಲೇ ಇದ್ದವು. ಸ್ಪ್ಯಾನರ್‌ಗಳಿಗೆ ಸುತ್ತಿದ ಅರಿಶಿನದ ದಾರ ಹರಿದಿರಲಿಲ್ಲ. ಇಕ್ಕಳದ ಕೀಲಿನ ಮೇಲೆ ದಪ್ಪಗೆ ಮೆತ್ತಿದ್ದ ಅರಿಶಿನ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಒಂದು ಬಿರುಕೂ ಇಲ್ಲ.

"ಇಕ್ಕಳ ಒಂದು ಸಲ ಬಾಯಿ ತೆರೆದಿದ್ರೂ ಇದು ಉದುರ್ತಿತ್ತು. ನಿನ್ನೆ ಅಡುಗೆ ಹೇಗೆ ಇಳಿಸಿದ್ಳು, ಅಮ್ಮ?"

ಅಕ್ಕಯಮ್ಮ ನೆಲ ನೋಡಿದರು. "ಮಸಿಬಟ್ಟೆಯಲ್ಲಿ. ಬೆರಳು ಸುಟ್ಕೊಂಡ್ಳು. ಆದ್ರೂ ಇಕ್ಕಳ ಮುಟ್ಟಲಿಲ್ಲ."

"ಪೂಜೆಗೆ ಇಡದ ಕಬ್ಬಿಣ ಈ ಮನೇಲಿ ಇನ್ನೇನಿದೆ?"

ಅವರು ಮಗನ ಸೊಂಟದ ಕೀ ಬಂಚಿನ ಕಡೆ ಕೈ ತೋರಿಸಿದರು. ಅದರಲ್ಲಿ ಮಡಚುವ ಪುಟ್ಟ ಕಟಿಂಗ್ ಪ್ಲೇಯರ್ ತೂಗುತ್ತಿತ್ತು. "ಅದನ್ನೂ ಇಡೋ ಅಂದೆ. ಇದೆಲ್ಲ ಯಾಕಮ್ಮ ಅಂತ ನಕ್ಕ."

ಕಶ್ಯಪ್ ಅದನ್ನು ಬಿಚ್ಚಿಸಿಕೊಂಡು ನಟ್ಟಿಗೆ ಹಿಡಿದ. ಹಲ್ಲಿಗೆ ಹಲ್ಲು ಕೂತಿತು. ಸಂದಿಯಲ್ಲಿ ಕುಂಕುಮವೂ ಇತ್ತು.

"ಯಾಕೋ?" ಅಂದರು ಅಕ್ಕಯಮ್ಮ.

"ಅಡುಗೆಯವಳ ಮಗಳ ಕೊರಳಿಗೆ ನಮ್ಮಜ್ಜಿಯ ಸರ ಹಾಕ್ತೀನಿ ಅಂದ್ರಲ್ಲ ನೀವು!" ಅನಿಲ್ ಕಿರುಚಿದ. "ಅವಳೇ ಕಳ್ಳಿ ಅಂತಾದ್ರೆ ನೀವು ಹಾಕ್ತಿರಲಿಲ್ಲ. ಗೇಟ್ ಬೀಗ ಹಾಕ್ತೀರಿ ಅಂತ ಅಂದ್ಕೊಂಡಿರಲಿಲ್ಲ. ಹುಡುಕೋಕೆ ಶುರು ಮಾಡಿದ್ರಿ, ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿ ಒಳಗೆ ಹಾಕಿದೆ."

ಅದಕ್ಕೇ ಗುಜರಿಯ ನೆಪ. ಕಾರಿನ ಜೊತೆ ಸರವೂ ಗೇಟು ದಾಟುತ್ತಿತ್ತು.

"ಕಂಪ್ಲೇಂಟಲ್ಲಿ ಹೆಸರು ಬದಲಾಯಿಸಿ, ಸಾರ್," ಅಂದರು ಅಕ್ಕಯಮ್ಮ. "ನಾನು ಸೈನ್ ಹಾಕ್ತೀನಿ."

* * *

ಮೂರು ಗಂಟೆಗೆ ಮುನಿಗಂಗಮ್ಮ ಸ್ಟೇಷನ್ ಮೆಟ್ಟಿಲು ಇಳಿದಳು. ಸುಟ್ಟ ಬೆರಳುಗಳು ಬೊಬ್ಬೆ ಎದ್ದಿದ್ದವು. ಅಕ್ಕಯಮ್ಮ ಕಾರಿನ ಬಾಗಿಲು ತೆರೆದು ಸರ ಮುಂದೆ ಹಿಡಿದರು.

"ತಗೋ ಗಂಗಾ. ಇದು ಸಂಧ್ಯಾಗೇನೇ. ಹತ್ತು, ಮನೆಗೆ ಬಿಡ್ತೀನಿ."

"ಬೇಡಮ್ಮ."

"ಅವನು ಮಾಡಿದ್ದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು?"

"ಅವರ ಮೇಲೆ ಸಿಟ್ಟಿಲ್ಲಮ್ಮ. ಅವರು ನನ್ನನ್ನ ಮುಟ್ಟಲೂ ಇಲ್ಲ. ಸೆರಗು ಜಾಡಿಸಿದ್ದು ನೀವು."

ಅಕ್ಕಯಮ್ಮನ ಕೈ ಹಾಗೇ ನಿಂತಿತು. ನಾನು ಆಟೋ ಕರೆದೆ. ಗಂಡಿನ ಕಡೆಯವರು ಬರಲು ಇನ್ನೂ ಎರಡು ಗಂಟೆ ಇತ್ತು.

ಹತ್ತುವಾಗ ಹಿಂತಿರುಗಿ ನೋಡಿದೆ. ಕಾರಿನ ಇಂಜಿನ್ ಒಂದಿಷ್ಟೂ ನಡುಗದೆ ಓಡುತ್ತಿತ್ತು. ಅಕ್ಕಯಮ್ಮ ಒಬ್ಬರೇ ಸ್ಟೇರಿಂಗ್ ಹಿಡಿದು ಕೂತಿದ್ದರು, ಗೇರ್ ಹಾಕಿರಲಿಲ್ಲ.