ಲುಕ್ರೇಸಿಯಾ ಎಂಬ ಗಂಡಸು

ಶನಿವಾರ ಮಧ್ಯಾಹ್ನ ತಲೆ ತುಂಬ ಕೂದಲು ಸುತ್ತುವ ರೋಲರ್ ಹಾಕಿಕೊಂಡು ನೆರೈಡಾ ಅಂಗಳದಲ್ಲಿ ಬಾಳೆಕಾಯಿ ಕರಿಯುತ್ತಿದ್ದಳು. ಲುಕ್ರೇಸಿಯಾ ಬಂದು ಬೇಲಿಯಾಚೆಯೇ ನಿಂತ. ಉಪ್ಪಿನ ಗದ್ದೆಯಿಂದ ನೇರ ಬಂದವನ ಹುಬ್ಬೆಲ್ಲ ಬಿಳಿ.

ಹೆಸರು ಹೆಣ್ಣಿನದು, ನಿಂತವನು ಗಂಡು. ಹುಡುಗಿಯರಾಗಿ ಹುಟ್ಟಿ ಹನ್ನೆರಡು ವರ್ಷದ ಸುಮಾರಿಗೆ ಗಂಡಾಗುವವರು ಆ ಊರಿಗೆ ಹೊಸಬರಲ್ಲ. ಕಡಲಿಗೆ ಉಬ್ಬರ ಬಂದ ಹಾಗೆ ಅದೂ ಒಂದು ಎನ್ನುತ್ತಿದ್ದಳು ಅವನ ಅಜ್ಜಿ. ಅಜ್ಜಿ ಇಟ್ಟ ಹೆಸರನ್ನು ಅವನು ಬಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಗೊಂಬೆಗೆ ಜಡೆ ಹಾಕಿದವರು. ಬರುವ ತಿಂಗಳು ಅವರ ಮದುವೆ.

"ಮದುವೆ ಬೇಡ, ನೆರೈಡಾ."

ಅವಳು ಅರೆ ಕರಿದ ಬಾಳೆಕಾಯಿ ಹೋಳೊಂದನ್ನು ಕಲ್ಲಿನಿಂದ ಜಜ್ಜಿದಳು. "ಯಾರು ಕಿವಿ ಊದಿದ್ದು?"

"ರಾಜಧಾನಿಯ ಡಾಕ್ಟರು ನನ್ನ ರಕ್ತ ನೋಡಿದಾರೆ. ಒಂದು ಜೀನ್ ಕೆಟ್ಟಿದೆಯಂತೆ. ಅದರಿಂದ ಆಗೋ ಕಿಣ್ವ ಜೀವಕೋಶದೊಳಗೆ ಪೊರೆಗೆ ಅಂಟಿ ಕೂತು, ಒಂದು ಹಾರ್ಮೋನನ್ನ ಇನ್ನೊಂದಾಗಿ ಮಾಡಬೇಕಂತೆ. ನನ್ನಲ್ಲಿ ಮಾಡಲಿಲ್ಲ. ಅದಕ್ಕೇ ಹುಟ್ಟಿದಾಗ ಹುಡುಗಿ ಥರ ಇದ್ದೆ."

"ಅಬ್ಬಬ್ಬಾ! ನೀನು ಹುಡುಗಿಯಾಗಿದ್ದೆ ಅಂತ ನಮ್ಮ ಮೇಕೆಗೂ ಗೊತ್ತು. ಅದಕ್ಕೆ ರಕ್ತ ಬೇರೆ ಕೊಟ್ಟೆಯಾ?"

"ಗಡ್ಡ ತುಂಬಿ ಬರಲ್ಲಂತೆ."

"ನನಗೆ ಚುಚ್ಚೋದು ತಪ್ಪಿತು."

"ಮಕ್ಕಳು... ಆಗದೇ ಇರಬಹುದಂತೆ. ನಿನಗೋ ತೊಟ್ಟಿಲಿನ ಆಸೆ."

ಕಲ್ಲು ನಿಂತಿತು. ಆಸೆ ನಿಜ; ಅವಳ ಪೆಟ್ಟಿಗೆಯ ತಳದಲ್ಲಿ ಪುಟ್ಟದೊಂದು ಹಳದಿ ಟೋಪಿ ಇತ್ತು. ಅವಳು ಅವನನ್ನು ನೋಡಿದಳು: ಆ ಬಾಗಿದ ಕತ್ತು, ಆ ಉದ್ದನೆಯ ರೆಪ್ಪೆ.

"ಥೂ ನಿನ್ನ! ನನ್ನ ಆಸೆ ಏನು ಮಾಡಬೇಕು ಅಂತ ನಾನು ನೋಡ್ಕೋತೀನಿ. ಅತ್ತರೆ ನಿನ್ನ ಭುಜದ ಮೇಲೇ ಅಳ್ತೀನಿ. ಇಡೀ ಶಾಲೆ ನಕ್ಕಾಗ ಲಂಗ ಬಿಚ್ಚೆಸೆದು ಪ್ಯಾಂಟ್ ಹಾಕ್ಕೊಂಡು ಹೋದವನು ನೀನು. ಈಗ ಒಬ್ಬ ಡಾಕ್ಟರ ಮಾತಿಗೆ ನನ್ನನ್ನ ಬಿಟ್ಟು ಓಡ್ತೀಯಾ, ಹೇಡಿ? ಇನ್ನೇನಂದ ಅವನು?"

"ತಲೆ... ಬೋಳಾಗಲ್ಲಂತೆ."

ನಗು ತಡೆಯಲು ಅವಳು ತುಟಿ ಕಚ್ಚಿದಳು. ಅಪ್ಪ, ಮಾವಂದಿರು, ಅಣ್ಣ, ಅವಳ ಮನೆಯ ಗಂಡಸರೆಲ್ಲರದೂ ಮಿರಿಮಿರಿ ಬುರುಡೆ. ಆದರೂ ಮೂತಿ ತಿರುವಿದಳು.

"ನೋಡು, ಒಂದಾದರೂ ಉಪಯೋಗ. ಕೈ ತೊಳ್ಕೊಂಡು ಬಾ. ಹಿಂದಿನ ರೋಲರ್ ಜಾರಿದೆ, ನನಗೆ ಎಟಕಲ್ಲ. ಸುತ್ತೋಕೆ ಬರುತ್ತೋ, ಅದನ್ನೂ ಡಾಕ್ಟರಿಗೆ ಕೊಟ್ಟು ಬಂದೆಯೋ?"

ಅವನು ಬೇಲಿ ದಾಟಿ ಬಂದ. ಉಪ್ಪು ತೊಳೆದ ತಣ್ಣನೆಯ ಬೆರಳು ಅವಳ ಕತ್ತು ಸವರಿ, ಕೂದಲ ಎಳೆಯನ್ನು ಹಳೆಯ ಅಭ್ಯಾಸದಿಂದಲೇ ಹುಡುಕಿಕೊಂಡಿತು.

"ನೋವಾಯ್ತಾ?" ಎಂದ ಮೆಲ್ಲಗೆ.

"ಇನ್ನೂ ಬಿಗಿಯಾಗಿ ಸುತ್ತೋ, ದಂಡಪಿಂಡ," ಎಂದಳು ನೆರೈಡಾ, ಕಣ್ಣು ಮುಚ್ಚಿಕೊಂಡು. "ಮದುವೆ ದಿನವೂ ನೀನೇ ಸುತ್ತಬೇಕು."