ತಲೆಬಾಗದ ಮುದ್ರೆ

ಡೀಸೆಲ್ ಟ್ಯಾಂಕಿನ ಮುಳ್ಳು ಸೊನ್ನೆಗೆ ಒರಗಿತ್ತು. ತಳದ ಕವಾಟ ಬಾಯ್ದೆರೆದಿತ್ತು.

ರಾತ್ರಿಯಿಡೀ ಮೊರೆದ ಚಂಡಮಾರುತ ಜಪಾನಿನ ಟೋಸಾ ತೀರ ದಾಟಿ ಹೋಗಿತ್ತು. ಊರಿಗೇ ಕರೆಂಟಿಲ್ಲ. ಜನರೇಟರ್ ಓಡದಿದ್ದರೆ ಕಾರ್ಖಾನೆಯಿಂದ ಡಯಾಲಿಸಿಸ್ ಕೊಳವೆಗಳು ಹೊರಡವು. ಮೂರು ಆಸ್ಪತ್ರೆಗಳಲ್ಲಿ ನಾಳೆಗಾಗುವಷ್ಟೇ ಉಳಿದಿವೆ.

“ಮೀನುಗಾರರು ಕದ್ದಿರಬೇಕು,” ಎಂದರು ಮ್ಯಾನೇಜರ್ ಒನೊದೆರಾ.

ವಿಪತ್ತು ಯೋಜನೆಯ ಹೊಣೆ ಹೊತ್ತ ಶಿನೊ ಚರಂಡಿಯತ್ತ ಬಾಗಿ ಮೂಸಿದಳು. ಡೀಸೆಲ್ ವಾಸನೆ. “ಕದ್ದವನು ಒಯ್ಯುತ್ತಾನೆ ಸಾರ್, ಚೆಲ್ಲುವುದಿಲ್ಲ.”

“ಚೆಲ್ಲಿದ್ದು ನಿಶಿಮೊರಿ ಅಜ್ಜ,” ಎಂದ ಉಪಮ್ಯಾನೇಜರ್ ಕುರಾತಾ. ಒಸಾಕಾದ ಮುಖ್ಯ ಕಚೇರಿಯಿಂದ ಬಂದವನು. “ಗೋಡೆಯ ಹಾಳೆ ನೋಡಿ. ನಿನ್ನೆ ಮಧ್ಯಾಹ್ನ ಎರಡೂವರೆಗೆ ಟ್ಯಾಂಕಿನ ತಳದಲ್ಲಿ ಕೂತ ನೀರು ಬಿಟ್ಟಿದ್ದಾರೆ. ಸಹಿಯ ಜಾಗದಲ್ಲಿ ಅವರದೇ ಹೆಸರಿನ ಮುದ್ರೆ. ಕವಾಟ ಮುಚ್ಚೋದು ಮರೆತಿದ್ದಾರೆ. ಇಂಥ ಕಾರ್ಖಾನೆ ಮುಚ್ಚೋದೇ ವಾಸಿ.”

ಮೂವತ್ತು ವರ್ಷ ಜನರೇಟರ್ ಕಾದ ಮುದುಕ ಕುರಾತಾನ ಕಾಲು ನೋಡಿದ. “ಅತಿಥಿಗಳ ಚಪ್ಪಲಿ ಹಾಕ್ಕೊಂಡಿದ್ದೀರಲ್ಲ. ಎರಡು ವರ್ಷ ಆದರೂ ನೆಂಟರೇ ಏನ್ರಿ? ನಾನು ನಿನ್ನೆ ಕವಾಟ ಮುಟ್ಟೇ ಇಲ್ಲ. ಮುದ್ರೆ ನನ್ನ ಮೇಜಿನ ಡ್ರಾಯರಲ್ಲಿರುತ್ತೆ. ಬೀಗವಿಲ್ಲ.”

“ಮುದ್ರೆ ಸುಳ್ಳು ಹೇಳುತ್ತಾ ಅಜ್ಜ?” ಒನೊದೆರಾ ನಿಟ್ಟುಸಿರಿಟ್ಟರು. “ನಿಮ್ಮನ್ನ ಮನೆಗೆ ಕಳಿಸಬೇಕಾಗುತ್ತೆ.”

* * *

ಶಿನೊ ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಬೂಟುಗಳ ಕಪಾಟು ತೆರೆದು ನೋಡಿ ಬಂದಳು.

“ಮುದ್ರೆ ನಿಜವನ್ನೇ ಹೇಳುತ್ತೆ ಸಾರ್. ಪಕ್ಕದ ಚೌಕ ನಿಮ್ಮ ಮುದ್ರೆಗೆ ಮೀಸಲು. ಮೇಲಿನವರ ಕಡೆ ತನ್ನ ಮುದ್ರೆಯನ್ನು ವಾಲಿಸಿ ಒತ್ತೋದು ಒಸಾಕಾ ಕಚೇರಿಯ ವಿನಯ. ಮುದ್ರೆಯೂ ನಮಸ್ಕರಿಸಬೇಕು. ಅಜ್ಜನ ಮುದ್ರೆ ಎಲ್ಲ ಸಾಲಲ್ಲೂ ನೆಟ್ಟಗೆ ನಿಂತಿದೆ. ಅದಕ್ಕೇ ಬಡ್ತಿ ತಪ್ಪಿದ್ದು ನಿಮಗೂ ಗೊತ್ತು. ನಿನ್ನೆಯದೊಂದೇ ಬಾಗಿದೆ.”

ಒನೊದೆರಾ ಹಾಳೆಯ ಹತ್ತಿರ ಬಾಗಿ ನೋಡಿದರು.

“ಒಸಾಕಾದಲ್ಲಿ ಪಳಗಿದ ಕೈ ಇಲ್ಲಿ ಎರಡೇ. ನಂದು, ಕುರಾತಾ ಅವರದು. ನಾನು ನಿನ್ನೆ ಮಧ್ಯಾಹ್ನ ಹನ್ನೆರಡರಿಂದ ಬೆಳಗಿನವರೆಗೂ ಶಾಲೆಯ ಆಶ್ರಯಕೇಂದ್ರದಲ್ಲಿ ಅನ್ನದುಂಡೆ ಹಂಚ್ತಿದ್ದೆ. ಊರೇ ಸಾಕ್ಷಿ. ಇನ್ನು ಅವರ ಬಿಳಿ ಬೂಟು ಕಪಾಟಿನ ಮೂಲೇಲಿ ಡೀಸೆಲ್ ನಾರ್ತಾ ಕೂತಿದೆ. ಅದಕ್ಕೇ ಇವತ್ತು ಅತಿಥಿಗಳ ಚಪ್ಪಲಿ.”

ಕುರಾತಾ ಚಪ್ಪಲಿಯನ್ನೇ ನೋಡುತ್ತ ನಿಂತ. “ಇದು ಮುಚ್ಚಿದರೆ ನನ್ನನ್ನ ಒಸಾಕಾಗೆ ವಾಪಸು ಕರೀತೀವಿ ಅಂದಿದ್ರು,” ಎಂದ ಮೆಲ್ಲಗೆ. ಆಮೇಲೆ ತಲೆಯೆತ್ತಿದ. “ಗೊತ್ತಾಗಿ ಏನು ಬಂತು? ಡೀಸೆಲ್ ಇಲ್ಲ. ಕಾರ್ಖಾನೆ ನಿಂತೇ ನಿಂತಿತು.”

“ಯೋಜನೆಯ ಒಂಬತ್ತನೇ ಪುಟ ಓದಿ ನಕ್ಕಿದ್ರಲ್ಲ?” ಎಂದಳು ಶಿನೊ. “ಮೀನುಗಾರರ ಸಂಘದ ಜೊತೆ ಅಜ್ಜ ಮಾಡಿಕೊಂಡ ಒಪ್ಪಂದ. ಅವರ ಮೀನಿಗೆ ನಮ್ಮ ಶೀತಲಗೃಹ, ನಮ್ಮ ಕಷ್ಟಕ್ಕೆ ಅವರ ದೋಣಿಯ ಡೀಸೆಲ್.”

* * *

ಇಪ್ಪತ್ತು ಡಬ್ಬಿಗಳು ಕೈಗಾಡಿಯಲ್ಲಿ ಬಂದವು. “ನಮ್ಮನ್ನೇ ಕಳ್ಳರು ಅಂದ್ರಂತಲ್ಲ, ಮ್ಯಾನೇಜರ್ರೇ?” ಎಂದು ನಗುತ್ತಲೇ ಸುರಿದರು ಮೀನುಗಾರರು. ಒನೊದೆರಾ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು, ಮೊದಲು ಅವರಲ್ಲಿ, ಆಮೇಲೆ ಅಜ್ಜನಲ್ಲಿ. ಜನರೇಟರ್ ಕೆಮ್ಮಿತು, ಗುಡುಗಿತು.

ಶಿನೊ ಹಾಳೆಯಲ್ಲಿ ಬರೆದಳು: ಹನ್ನೊಂದೂ ಇಪ್ಪತ್ತು, ಕೆಲಸ ಶುರು. ತನ್ನ ಮುದ್ರೆ ಎತ್ತಿದಳು. ಮಣಿಕಟ್ಟು ಹಳೆಯ ಅಭ್ಯಾಸಕ್ಕೆ ವಾಲಿತು. ಅರೆಗಳಿಗೆ ತಡೆದಳು.

ನೆಟ್ಟಗೆ ಒತ್ತಿದಳು.